ಹೊಸ್ತಿಲು ದಾಟದೆ ಹೋದ ನಬವಿಯಾ

ನಬವಿಯಾ ರೈಲು ಹತ್ತಿದವಳಲ್ಲ. ಲಕ್ಸರ್ ಪೇಟೆಗೆಂದು ನೈಲ್ ನದಿ ದಾಟುವ ದೋಣಿಯಲ್ಲಿ ಕೂತರೂ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುವವಳು. ಪಶ್ಚಿಮ ದಡದ ಕಬ್ಬಿನ ಹಳ್ಳಿಯೊಂದರಲ್ಲಿ ಹುಟ್ಟಿ, ಅದೇ ಹಳ್ಳಿಯ ಇನ್ನೊಂದು ಓಣಿಗೆ ಸೊಸೆಯಾಗಿ, ಅಲ್ಲೇ ಅಜ್ಜಿಯೂ ಆಗಿದ್ದಳು. ಅವಳು ಸುಡುವ ಬಿಸಿಲುರೊಟ್ಟಿಗೆ ಮಾತ್ರ ಓಣಿಯಲ್ಲೆಲ್ಲ ಹೆಸರಿತ್ತು. ಹಿಟ್ಟಿನ ಉಂಡೆಗಳನ್ನು ಮಣ್ಣಿನ ತಟ್ಟೆಗಳ ಮೇಲಿಟ್ಟು, ಮಾಳಿಗೆಯ ಬಿಸಿಲಿಗೆ ಉಬ್ಬಲು ಬಿಟ್ಟು, ಆಮೇಲೆ ಒಲೆಗೆ ಹಾಕುವ ರೊಟ್ಟಿ ಅದು.

ಅವಳ ಗಂಡ ಬುಗ್ದಾದಿ ಕೆಟ್ಟವನಲ್ಲ, ಆದರೆ ಬಾಯಿಗೆ ಬೀಗವಿಲ್ಲ. ಚಹಾ ಆರಿದರೆ ಒಂದು ಆಣೆ, ಕತ್ತೆ ನಿಂತಲ್ಲೇ ನಿಂತರೆ ಇನ್ನೊಂದು ಆಣೆ. ಆ ವಾರ ಹಾಕಿದ ಆಣೆ ಮಾತ್ರ ಸಣ್ಣದಲ್ಲ. ಪಕ್ಕದ ಹಳ್ಳಿಯಲ್ಲಿದ್ದ ನಬವಿಯಾಳ ತಂಗಿ ಗಲೀಲಾಳ ಮಗಳಿಗೆ ಮದುವೆ ಗೊತ್ತಾಗಿತ್ತು. ಗಲೀಲಾಳ ಗಂಡ ಖಲಫ್‌ಗೂ ಬುಗ್ದಾದಿಗೂ ಮಾತಿರಲಿಲ್ಲ. ಖಲಫ್ ಗಬ್ಬವೆಂದು ಹೇಳಿ ಮಾರಿದ ಎಮ್ಮೆ ಬರೀ ದಪ್ಪಗಿತ್ತು, ಅಷ್ಟೇ ಕಾರಣ. ವರ್ಷ ಕಾದರೂ ಅದು ಕರು ಹಾಕಲಿಲ್ಲ.

"ಆ ಎಮ್ಮೆಕಳ್ಳನ ಮನೆ ಮದುವೆಗೆ ನನ್ನ ಹೆಂಡತಿ ಹೋಗೋದಾ?" ಎಂದು ಬುಗ್ದಾದಿ ಅಂಗಳದಲ್ಲಿ ನಿಂತು ಕೂಗಿದ. "ಈ ಹೊಸ್ತಿಲು ದಾಟಿ ನಿನ್ನ ತಂಗಿ ಮನೆಗೆ ಹೋದ್ಯೋ, ನಿನಗೆ ತಲಾಖ್! ಕೇಳಿಸ್ತಾ?"

"ಓಣಿಗೆಲ್ಲ ಕೇಳಿಸ್ತು," ಎಂದಳು ನಬವಿಯಾ. ಆಮೇಲೆ ಒಳಗೆ ಹೋಗಿ, ಮದುಮಗಳಿಗೆಂದು ತೆಗೆದಿಟ್ಟಿದ್ದ ಬಟ್ಟೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಅದರ ಮೇಲೇ ಕೂತು ಅತ್ತಳು.

ಮರುದಿನ ಬೆಳಗ್ಗೆ ಬುಗ್ದಾದಿ ಹೊಲಕ್ಕೆ ಹೋಗಿದ್ದ. ನಬವಿಯಾ ಮಾಳಿಗೆಯ ಮೇಲೆ ಹಿಟ್ಟಿನ ಉಂಡೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಪರದೇಶದವರನ್ನು ತುಂಬಿಕೊಂಡ ದೊಡ್ಡ ಬಲೂನುಗಳು ದಿನಾ ಹೊತ್ತು ಹುಟ್ಟುವಾಗ ಆ ಹಳ್ಳಿಯ ಮೇಲೆ ತೇಲಿಹೋಗುವುದು ಮಾಮೂಲು. ಯಾರೂ ಕತ್ತೆತ್ತಿ ನೋಡುವುದಿಲ್ಲ. ಅವತ್ತು ಒಂದಕ್ಕೆ ಗಾಳಿ ಕೈಕೊಟ್ಟಿತು. ಕೆಳಗಿಳಿದು, ಖರ್ಜೂರದ ಮರವನ್ನು ಸವರಿ, ಅದರ ಬುಟ್ಟಿ ಸೀದಾ ಬಂದು ಅವಳ ಹಿಟ್ಟಿನ ಮೇಲೆ ಕೂತಿತು.

"ಯಾರಪ್ಪನ ಮನೆ ಅಂದ್ಕೊಂಡಿದೀಯೋ ಇದು!" ಎನ್ನುತ್ತ ನಬವಿಯಾ ಓಡಿದಳು. ಬುಟ್ಟಿಯ ಅಂಚಿಗೆ ಹೊಟ್ಟೆಯೂರಿ ಒಳಗೆ ಬಾಗಿ, ಬಲೂನು ನಡೆಸುವವನ ಕುತ್ತಿಗೆಪಟ್ಟಿಗೆ ಕೈ ಹಾಕಿದಳು. ಅವಳ ಕಾಲುಗಳು ಹೊರಗೆ ಗಾಳಿಯಲ್ಲಿ ಒದ್ದಾಡುತ್ತಿದ್ದವು. ಅತ್ತ ಇನ್ನೊಂದು ಬದಿಯಲ್ಲಿ ಒಬ್ಬ ಭಾರಿ ಆಳು ಮತ್ತು ಅವನಷ್ಟೇ ಭಾರದ ಅವನ ಹೆಂಡತಿ, ಜೀವ ಉಳಿದರೆ ಸಾಕೆಂದು ಬುಟ್ಟಿಯಿಂದ ಮಾಳಿಗೆಗೆ ಜಾರಿಕೊಂಡರು. ಇಬ್ಬರ ಭಾರ ಇಳಿದದ್ದೇ ತಡ, ಬಲೂನು ಜಿಗಿಯಿತು. ನಬವಿಯಾ ತಲೆಕೆಳಗಾಗಿ ಬುಟ್ಟಿಯೊಳಕ್ಕೆ ಬಿದ್ದಳು.

ಎದ್ದು ನಿಂತು ನೋಡಿದರೆ ಅವಳ ಮನೆ ಬೆಂಕಿಪೆಟ್ಟಿಗೆಯಷ್ಟಾಗಿತ್ತು.

"ಇಳಿಸೋ!" ಎಂದು ಕಿರುಚಿದಳು.

"ಇಳಿಸ್ತೀನಮ್ಮ, ಜಾಗ ಸಿಗ್ಲಿ," ಎಂದ ಬಲೂನಿನವನು. ಅವನ ಅಂಗಿ ತುಂಬ ಹಿಟ್ಟಾಗಿತ್ತು.

"ಜಾಗ ಹಿಂದೆ ಹೋಯ್ತಲ್ಲೋ! ತಿರುಗ್ಸು!"

"ಇದು ತಿರುಗಲ್ಲಮ್ಮ. ಗಾಳಿ ಎಲ್ಲಿಗೆ ಕರ್ಕೊಂಡು ಹೋಗುತ್ತೋ ಅಲ್ಲಿಗೇ."

"ಮತ್ತೆ ನೀನು ಯಾಕಪ್ಪ ಇರೋದು?"

ಅವನು ಅಂಗಿಯ ಹಿಟ್ಟು ಕೊಡವಿಕೊಂಡ. ಬುಟ್ಟಿಯಲ್ಲಿದ್ದ ಪರದೇಶದವರು, ಇದೂ ಏರ್ಪಾಡಿನಲ್ಲೇ ಇದ್ದದ್ದೆಂದು ತಿಳಿದು, ನಗುತ್ತ ಅವಳ ಫೋಟೋ ತೆಗೆದರು. ನಬವಿಯಾ ತಲೆಯ ಬಟ್ಟೆ ಸರಿಮಾಡಿಕೊಂಡಳು. ಕಣ್ಣು ಮುಚ್ಚಬೇಕೆಂದಿದ್ದವಳು ಮುಚ್ಚಲಿಲ್ಲ, ಯಾಕೆಂದರೆ ಕಾಲಡಿಯಲ್ಲಿ ಊರಿನವರ ಮಾಳಿಗೆಗಳೆಲ್ಲ ಬಿಚ್ಚಿಕೊಂಡು ಸಾಗುತ್ತಿದ್ದವು. ಕೋಳಿಗಳೆಲ್ಲ ಸತ್ತುಹೋದವೆಂದು ಹೇಳಿ ಮೊಟ್ಟೆ ಕೊಡದ ಪಕ್ಕದ ಮನೆಯವಳ ಮಾಳಿಗೆ ತುಂಬ ಕೋಳಿಗಳಿದ್ದವು.

ಅಷ್ಟರಲ್ಲಿ ಕಬ್ಬಿನ ಗದ್ದೆಗಳಾಚೆ ನೀಲಿ ಸುಣ್ಣ ಬಳಿದ ಒಂದು ಮನೆ, ಅದರ ಮುಂದೆ ಮದುವೆಯ ಬಣ್ಣದ ಚಪ್ಪರ ಕಾಣಿಸಿತು. ಅದು ಗಲೀಲಾಳ ಮನೆ.

"ಇಲ್ಲಿ ಬೇಡ! ಅಪ್ಪಾ, ನಿನ್ನ ದಮ್ಮಯ್ಯ, ಎಲ್ಲಿ ಬೇಕಾದ್ರೂ ಇಳಿಸು, ಇಲ್ಲಿ ಬೇಡ! ಸಂಸಾರ ಮುರಿಯುತ್ತೆ!"

ಬುಟ್ಟಿ ಖಲಫನ ಮೇವಿನ ಹೊಲದಲ್ಲಿ ಎರಡು ಸಲ ಕುಪ್ಪಳಿಸಿ, ಅಡ್ಡಬಿದ್ದು ನಿಂತಿತು.

ಮದುವೆ ಮನೆಯ ಹೆಂಗಸರೆಲ್ಲ ಓಡಿಬಂದರು. ಮುಂದೆ ಗಲೀಲಾ. ಬುಟ್ಟಿಯಿಂದ ತೆವಳಿಕೊಂಡು ಹೊರಬಂದ ಅಕ್ಕನನ್ನು ಕಂಡು ಅವಳು ತಬ್ಬಿಕೊಳ್ಳಲು ಎರಡೂ ಕೈ ಚಾಚಿದಳು. ಆಮೇಲೆ ಒಂದೇ ಸಮ ಅಳತೊಡಗಿದಳು.

"ಅಕ್ಕಾ! ಬಾಗಿಲಿಂದ ಬಿಡ್ಲಿಲ್ಲ ಅಂತ ಆಕಾಶದಿಂದ ಬಂದ್ಯೇನೇ!"

"ದೂರ ನಿಲ್ಲೇ, ನನ್ನ ಮುಟ್ಟಬೇಡ. ನಾನಿನ್ನೂ ಬಂದಿಲ್ಲ," ಎಂದಳು ನಬವಿಯಾ. "ಮೊದಲು ಒಂದು ಫೋನು ಕೊಡು."

ಬುಗ್ದಾದಿ ಆಗತಾನೆ ಮನೆಗೆ ಬಂದಿದ್ದ. ಫೋನು ಎತ್ತಿದವನೇ ಕೂಗಿದ. "ಎಲ್ಲಿದೀಯೇ? ಮಾಳಿಗೆ ಮೇಲೆ ಯಾರೋ ಇಬ್ಬರು ಪರದೇಶದವರು ಕೂತಿದಾರೆ! ನೀನಿಲ್ಲ!"

"ಗಲೀಲಾಳ ಹೊಲದಲ್ಲಿದೀನಿ."

"ಹೇಗೆ ಹೋದೆ?"

"ಹಾರ್ಕೊಂಡು."

 ಹಾರ್ಕೊಂಡು ಎಂಬ ಮಾತನ್ನು ಬುಗ್ದಾದಿಯೂ ಒಮ್ಮೆ ಮೆಲ್ಲಗೆ ಹೇಳಿ ನೋಡಿದ. ಆಮೇಲೆ ಫೋನು ಹಿಡಿದುಕೊಂಡೇ ಮಸೀದಿಗೆ ಓಡಿದ.

ಮಧ್ಯಾಹ್ನದ ಹೊತ್ತಿಗೆ ಹಳ್ಳಿ ಎರಡು ಪಾಲಾಗಿತ್ತು. ತಲಾಖ್ ಆಗಿಹೋಯಿತು, ತಂಗಿ ಮನೆ ಸೇರಿದಳಲ್ಲ ಎಂದು ಕೆಲವರು. ಹೊಸ್ತಿಲು ದಾಟಿದ್ದರೆ ತಾನೆ, ಮಾಳಿಗೆಗೆ ಹೊಸ್ತಿಲೆಲ್ಲಿದೆ ಎಂದು ಮಿಕ್ಕವರು. ಬುಗ್ದಾದಿ ಮಾತ್ರ ಪರದೇಶದ ಗಂಡಹೆಂಡಿರನ್ನು ಬಿಟ್ಟುಕೊಡಲಿಲ್ಲ. "ನನ್ನವಳನ್ನ ತಂದುಕೊಡಿ, ನಿಮ್ಮವರನ್ನ ಕರ್ಕೊಂಡು ಹೋಗಿ," ಎಂದು ಬಲೂನು ಕಂಪನಿಯವರ ಮುಂದೆ ಪಟ್ಟು ಹಿಡಿದ. ಆ ಇಬ್ಬರೂ ಅವನ ಚಹಾ ಕುಡಿಯುತ್ತ, ಉಳಿದ ಹಿಟ್ಟಿನಲ್ಲಿ ರೊಟ್ಟಿ ಸುಡಲು ಹೋಗಿ ಕೈ ಸುಟ್ಟುಕೊಂಡು, ಖುಷಿಯಾಗಿಯೇ ಇದ್ದರಂತೆ.

ಇಮಾಮರಾದ ಶೇಖ್ ಅಬುಲ್ ವಫಾ ನಿಧಾನದ ಮನುಷ್ಯ. ಸುತ್ತ ಜನರನ್ನು ಕೂರಿಸಿಕೊಂಡು, ಫೋನನ್ನು ನಡುವೆ ಇಟ್ಟು, ವಿಚಾರಣೆ ನಡೆಸಿದರು.

"ನೋಡಮ್ಮ ನಬವಿಯಾ, ನಿಜ ಹೇಳು. ಬುಟ್ಟಿಗೆ ಹತ್ತಿದ್ಯೋ, ಬಿದ್ದ್ಯೋ?"

"ಅರ್ಧ ಹತ್ತಿದ್ದೆ ಶೇಖರೇ, ಬೈಯೋದಕ್ಕೆ. ಇನ್ನರ್ಧ ಬಿದ್ದೆ."

ಗುಂಪಿನಲ್ಲಿ ಗದ್ದಲವೆದ್ದಿತು. ಶೇಖರು ಕೈಯೆತ್ತಿದರು. "ಈಗ ತಂಗಿ ಮನೆ ಒಳಗಿದೀಯೋ, ಹೊರಗೋ?"

"ಹೊಲದಲ್ಲಿ. ಬಿಸಿಲಲ್ಲಿ. ನೀವು ಬೇಗ ಹೇಳಿದ್ರೆ ನೆರಳಿಗಾದ್ರೂ ಹೋದೇನು."

ಶೇಖರು ಗಡ್ಡ ನೀವಿಕೊಂಡರು. ಗಾಳಿಯಲ್ಲಿ ಹೋದ ಹೆಂಡತಿಯ ವಿಷಯ ತಾವು ಎಲ್ಲಿಯೂ ಓದಿಲ್ಲ, ಪೇಟೆಯ ದೊಡ್ಡ ವಿದ್ವಾಂಸರನ್ನು ಕೇಳಿ ಶುಕ್ರವಾರ ಹೇಳುತ್ತೇನೆ ಎಂದರು. ಅಲ್ಲಿಯವರೆಗೆ ಗಂಡಹೆಂಡತಿ ಒಂದೇ ಸೂರಿನಡಿ ಇರಬಾರದು.

"ಹಾಗಾದ್ರೆ ನಾನು ಎಲ್ಲಿರ್ಲಿ?" ಎಂದು ಕೇಳಿದಳು ನಬವಿಯಾ, ಬಹಳ ಮೆತ್ತಗೆ.

"ಎಲ್ಲಿದೀಯೋ ಅಲ್ಲೇ ಇರಮ್ಮ."

ಮದುವೆ ಇದ್ದದ್ದು ಗುರುವಾರ. ಗಲೀಲಾ ಹಾಕಿದ ಹರ್ಷದ ಕೇಕೆ ಫೋನಿನೊಳಗಿಂದ ಮಸೀದಿಯಲ್ಲೆಲ್ಲ ಕೇಳಿಸಿತು. ಬುಗ್ದಾದಿ ತಲೆ ತಗ್ಗಿಸಿ, ಪರದೇಶದ ಗಂಡಹೆಂಡಿರನ್ನು ಕಂಪನಿಯವರ ಜೊತೆ ಕಳಿಸಿಕೊಡಲು ಒಪ್ಪಿದ. ನಬವಿಯಾ ಕೈಗೆ ಗೋರಂಟಿ ಹಚ್ಚಿಕೊಂಡಳು, ತಂಗಿಯ ಬಟ್ಟೆ ಉಟ್ಟುಕೊಂಡಳು, ಸೊಂಟ ಹಿಡಿಯುವವರೆಗೆ ಕುಣಿದಳು. ಗಂಡಿನ ಕಡೆಯವರು ಮದುಮಗಳಿಗಿಂತ ಹೆಚ್ಚಾಗಿ ಅವಳನ್ನೇ ನೋಡಿದರು.

ಶುಕ್ರವಾರ ತೀರ್ಪು ಬಂತು. ಹೋಗುವುದು ಬೇರೆ, ಒಯ್ಯಲ್ಪಡುವುದು ಬೇರೆ, ಸಂಸಾರ ಹಾಗೇ ಇದೆ. ಆದರೆ ಬಾಯಿ ಹರಿಯಬಿಟ್ಟ ತಪ್ಪಿಗೆ ಬುಗ್ದಾದಿ ಬಡವರಿಗೆ ಊಟ ಹಾಕಬೇಕು. ಅವನು ಕತ್ತೆಗಾಡಿ ಕಟ್ಟಿಕೊಂಡು ಹೆಂಡತಿಯನ್ನು ಕರೆಯಲು ಬಂದ. ಊಟ ಮಾಡದೆ ಹೋಗುವಂತಿಲ್ಲವೆಂದು ಗಲೀಲಾ ಗಾಡಿಯ ಮುಂದೆ ನಿಂತಳು. ಅವನೂ ಖಲಫನೂ ಒಂದೇ ತಟ್ಟೆಯಿಂದ, ಒಬ್ಬರ ಮುಖ ಒಬ್ಬರು ನೋಡದೆ, ಮಾಂಸ ಮುಗಿಸಿದರು. ಕೊನೆಗೆ ಖಲಫ್ ಮೆಲ್ಲಗೆ ಕೇಳಿದ.

"ಎಮ್ಮೆ ಹೇಗಿದೆ ಭಾವ?"

"ದಪ್ಪಗಿದೆ," ಎಂದ ಬುಗ್ದಾದಿ.

 ಗಾಡಿ ಕಾಲುವೆ ದಾಟಿದಾಗ, ಆಕಾಶದಲ್ಲಿ ಹೆದರಿಕೆ ಆಯಿತೇ ಎಂದು ಅವನು ಕೇಳಿದ.

"ಚಳಿಯಾಯ್ತು," ಎಂದಳು ನಬವಿಯಾ. "ಕೈಯಲ್ಲಿ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಮತ್ತೆ ನೋಡು, ಆ ಪಕ್ಕದ ಮನೆಯವಳ ಕೋಳಿ ಒಂದೂ ಸತ್ತಿಲ್ಲ. ನಾಳೆ ಹೋಗಿ ಮೊಟ್ಟೆ ಕೇಳ್ತೀನಿ."