ಹೊಳೆ ದಾಟದೆ ಕಂಡ ಗೋಲು

ದೂರದಲ್ಲೆಲ್ಲೋ ನಡೆದದ್ದು ಮನೆಯಲ್ಲಿ ಕುಳಿತವರಿಗೆ ಕಂಡಿತು ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು, ಟ್ರ್ಯಾಕ್ಟರ್ ಓಡಿಸಿ ಬದುಕಿದವನು. ಇಂಜಿನ್ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ, ಕೈ ಹೊಲಸು ಮಾಡಿಕೊಂಡು ಹುಡುಕಿದರೆ ಸಿಗುತ್ತದೆ. ಉಳಿದದ್ದೂ ಹಾಗೆಯೇ ಎಂದು ತಿಳಿದಿದ್ದೆ. ಆದರೆ ಒಂದು ಸಂಗತಿಯ ಕಾರಣ ಮಾತ್ರ ಇಷ್ಟು ವರ್ಷ ಹುಡುಕಿದರೂ ಸಿಕ್ಕಿಲ್ಲ. ಅದನ್ನು ಹೇಳಹೊರಟರೆ ನಾನು ತಂಗಿಗೆ ಮಾಡಿದ ಮೋಸವನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ನಮ್ಮದು ರಾಯಬಾಗ ತಾಲೂಕಿನ ಅಲಖನೂರ. ಜೈನರ ಮನೆ, ಸ್ವಲ್ಪ ಕಬ್ಬಿನ ಹೊಲ, ಎರಡು ಎಮ್ಮೆ. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ಅವ್ವನ ತವರು ಕೊಲ್ಲಾಪುರ. ಅಲ್ಲಿ ಪೇಟೆಗೊಂದು ಫುಟ್‌ಬಾಲ್ ತಂಡ, ಮನೆಗೊಬ್ಬ ಜಗಳಗಂಟ. ಬೇಸಿಗೆಯಲ್ಲಿ ಮಾವನ ಮನೆಗೆ ಹೋದಾಗ ನಾನೂ ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ತ್ರಿಶಲಾಳೂ ಅವನ ಬೆನ್ನು ಹತ್ತಿ ಮೈದಾನಕ್ಕೆ ಹೋಗುತ್ತಿದ್ದೆವು. ನಾನು ಕೂಗುವುದನ್ನು ಕಲಿತೆ, ಅವಳು ಆಟವನ್ನು ಕಲಿತಳು. ಯಾರು ಎಲ್ಲಿ ನಿಂತರೆ ಚೆಂಡು ಎಲ್ಲಿಗೆ ಬರುತ್ತದೆ ಎಂದು ಮೊದಲೇ ಹೇಳುವಳು. ಹತ್ತನೆಯ ಇಯತ್ತೆ ಪಾಸಾದವಳು, ಇಂಗ್ಲಿಷನ್ನೂ ಅಷ್ಟಿಷ್ಟು ಓದುತ್ತಿದ್ದಳು.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ಮಾವನ ಕಾಗದ ಬಂತು. ಭಾದ್ರಪದದ ಹುಣ್ಣಿಮೆಯ ಹೊತ್ತಿಗೆ ಭಾರತ ತಂಡ ಕಾಠ್ಮಂಡುವಿನಲ್ಲಿ ನೇಪಾಳದ ಮೇಲೆ ಆಡುತ್ತದಂತೆ. ನಾನು ಮತ್ತು ಮಂಗಸೂಳಿಯ ಗೆಳೆಯ ರಾಜಾರಾಮ ಇಬ್ಬರೂ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವವರು. ಕಬ್ಬು ನುರಿಸುವ ಹಂಗಾಮು ಶುರುವಾಗುವುದು ದೀಪಾವಳಿಯ ಹೊತ್ತಿಗೆ. ಅಲ್ಲಿಯವರೆಗೆ ನಮ್ಮ ಟ್ರ್ಯಾಕ್ಟರುಗಳಂತೆ ನಾವೂ ಖಾಲಿ. ಹೋಗೋಣ ಎಂದು ತಮಾಷೆಗೆ ಅಂದೆವು. ಅದನ್ನು ನಿಜ ಮಾಡಿದವಳು ತ್ರಿಶಲಾ.

ಊರಿನ ಮಾಸ್ತರರಿಂದ ಹಳೆಯ ರೈಲ್ವೆ ಟೈಮ್‌ಟೇಬಲ್ ತಂದಳು. ರಾಯಬಾಗದಿಂದ ಮೀರಜ, ಅಲ್ಲಿ ಇಳಿದು ದೊಡ್ಡ ಹಳಿಯ ಗಾಡಿ, ಮುಂಬಯಿ, ಗೋರಖಪುರ, ಅಲ್ಲಿಂದ ಬಸ್ಸು, ಗಡಿ, ಮತ್ತೆ ಬಸ್ಸು. ಅಡುಗೆಮನೆಯ ಗೋಡೆಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕಾಶೆ ಬರೆದು ಅಂಟಿಸಿದಳು. ಅವ್ವ ರೊಟ್ಟಿ ಬಡಿಯುವಾಗ ಹಾರಿದ ಹಿಟ್ಟು ಬಿದ್ದು ಗೋರಖಪುರ ಬೆಳ್ಳಗಾಗಿತ್ತು. ನೇಪಾಳಕ್ಕೆ ನಮ್ಮವರಿಗೆ ಪಾಸ್‌ಪೋರ್ಟ್ ಬೇಡ ಎಂಬುದನ್ನು ಪತ್ತೆ ಮಾಡಿದ್ದೂ ಅವಳೇ. ಇದರಿಂದ ರಾಜಾರಾಮನಿಗೆ ಬೇಜಾರಾಯಿತು.

"ಅರೇ ಬಾಬಾ, ಪಾಸ್‌ಪೋರ್ಟ್ ಬ್ಯಾಡಾದ್ರ ಅದೆಂಥಾ ಪರದೇಶ ಬೇ? ಊರಾಗ ಹೇಳಿದ್ರ ಯಾರ ನಂಬತಾರ?"

"ಗಡಿ ಮ್ಯಾಲೆ ನಿಂತು ಒಂದ ಕಾಲ ಈ ಕಡೆ, ಒಂದ ಕಾಲ ಆ ಕಡೆ ಇಟ್ಟು ಫೋಟೋ ತಗಸ್ರಿ, ನಂಬತಾರ," ಎಂದಳು ತ್ರಿಶಲಾ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾ, ನಾನೂ ಬರ್ತೀನಿ. ನಾ ಇಲ್ಲಂದ್ರ ನೀವು ಮೀರಜದಾಗ ತಪ್ಪಿಸಿಕೊಳ್ತೀರಿ," ಎಂದಳು.

ನಾನು ಹೂಂ ಎಂದೆ. ಹಾಗೆ ಹೇಳುವಾಗ ನಿಜವಾಗಿಯೂ ಮನಸ್ಸಿತ್ತು. ಅವಳು ಕುಣಿದಾಡಿದ್ದನ್ನು ನೋಡಿ ಅವ್ವನೂ, "ಅಣ್ಣ ಇರ್ತಾನಂದ್ರ ಹೋಗಿ ಬಾ," ಎಂದಳು.

ಮೂರು ದಿನಕ್ಕೆ ಈ ಸುದ್ದಿ ಉಗಾರದ ಚಹದಂಗಡಿಗೆ ಮುಟ್ಟಿತು. "ಏನಲೇ, ತಂಗೀನ ಕರಕೊಂಡು ಮ್ಯಾಚ್ ನೋಡಾಕ ಹೊಂಟೀಯಂತ? ನಮ್ಮ ಟೀಮಿಗೆ ಗೋಲ್‌ಕೀಪರ್ ಕಡಿಮಿ ಬಿದ್ದಾನೇನ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅರ್ಧ ಚಹ ಬಿಟ್ಟು ಎದ್ದು ಬಂದೆ. ಇನ್ನೊಂದು ಮಾತೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಟ ಅವಳಿಗೆ ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಅವಳು ಪಕ್ಕದಲ್ಲಿ ಕುಳಿತರೆ ರಾಜಾರಾಮ ನನ್ನ ಮಾತು ಕೇಳದೆ ಅವಳ ಮಾತು ಕೇಳುತ್ತಿದ್ದ.

ಬರಬೇಡ ಎಂದು ನೇರವಾಗಿ ಹೇಳಬಹುದಿತ್ತು. ಮಾತು ಕೊಟ್ಟಿದ್ದೆನಲ್ಲ, ಹೇಳಲು ಮೋರೆ ಇರಲಿಲ್ಲ. ಆ ವರ್ಷ ನಮ್ಮ ಜೈನ ಬಸ್ತಿಯಲ್ಲಿ ಮುನಿ ಮಹಾರಾಜರು ಚಾತುರ್ಮಾಸಕ್ಕೆ ನಿಂತಿದ್ದರು. ಅವರ ಮುಂದೆ ಜನ ನೇಮ ಹಿಡಿಯುತ್ತಿದ್ದರು. ಒಬ್ಬರು ಬೆಲ್ಲ ಬಿಟ್ಟರೆ ಇನ್ನೊಬ್ಬರು ಎಲ್ಲೆ ಹಾಕಿಕೊಳ್ಳುವರು, ಇಂಥ ದಿನದವರೆಗೆ ಇಂಥ ಗಡಿ ದಾಟುವುದಿಲ್ಲ ಎಂದು. ಒಮ್ಮೆ ಹಿಡಿದ ನೇಮ ಮುರಿಯುವ ಮಾತಿಲ್ಲ. ನಾನು ಅವ್ವನ ಬಳಿ ಕುಳಿತು ಮೆಲ್ಲಗೆ ಹೇಳಿದೆ: "ಎಲ್ಲೆ ನೇಮ ಹಿಡದ ಹುಡಿಗ್ಯಾರಿಗೆ ಚಲೋ ಮನಿತಾನ ಕೂಡಿ ಬರತಾವಂತವ್ವಾ. ದೀಪಾವಳಿ ತನಕ ಹೊಳಿ ದಾಟೂದಿಲ್ಲಂತ ತ್ರಿಶಲಾಗೊಂದು ಕೊಡಸಲಾ?" ನಮ್ಮ ಊರಿನಿಂದ ಮೀರಜಿಗೆ ಹೋಗಬೇಕಾದರೆ ಕುಡಚಿಯ ಹತ್ತಿರ ಕೃಷ್ಣೆಯನ್ನು ದಾಟಲೇಬೇಕು. ಅವ್ವನಿಗೆ ಮದುವೆಯ ಮಾತೊಂದೇ ಕೇಳಿಸಿತು.

ಮರುದಿನ ಬಸ್ತಿಯಲ್ಲಿ ಊರೆಲ್ಲ ಕೂಡಿದಾಗ ಅವ್ವ ಕೈಮುಗಿದು, "ಮಹಾರಾಜ್ರ, ನನ ಮಗಳಿಗೆ ದೀಪಾವಳಿ ತನಕ ಹೊಳಿ ದಾಟದಂಗ ನೇಮ ಕೊಡ್ರಿ," ಎಂದಳು. ಮಹಾರಾಜರು ತ್ರಿಶಲಾಳನ್ನೇ ಕೇಳಿದರು: "ನಿನ್ನ ಮನಸ್ಸಿನಿಂದ ತಗೊಳ್ತೀಯೇನವ್ವಾ? ಇದರಾಗ ಜುಲುಮಿ ಇಲ್ಲ." ಅವಳು ಅವ್ವನನ್ನು ನೋಡಿದಳು. ಆಮೇಲೆ ಗಂಡಸರ ಸಾಲಿನಲ್ಲಿದ್ದ ನನ್ನನ್ನು ನೋಡಿದಳು. ನಾನು ಕಂಬ ನೋಡುತ್ತ ಕುಳಿತೆ. ಅಷ್ಟು ಜನರ ಮುಂದೆ ಒಲ್ಲೆ ಎನ್ನುವುದು ಹೇಗೆ? "ಹೌದ್ರಿ," ಎಂದಳು.

ಮನೆಯ ದಾರಿಯಲ್ಲಿ ತ್ರಿಶಲಾ ಅವ್ವನ ಜೊತೆ ಮುಂದೆ ನಡೆದಳು. ಬಾಗಿಲ ಹತ್ತಿರ ಬಂದಾಗ, "ಅಣ್ಣಾ, ಮೀರಜದಾಗ ಗಾಡಿ ಬದಲಸೂದು ಮರೀಬ್ಯಾಡ," ಎಂದಳು. ಆ ರಾತ್ರಿಯೇ ಪ್ರತಿಯೊಂದು ಸ್ಟೇಷನ್ನಿನ ಹೆಸರನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಳು. ಅವಳು ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನಮ್ಮ ಜೈನರ ಪರ್ವದ ಹತ್ತು ದಿನಗಳ ಉಪವಾಸ-ಪೂಜೆಯ ನಡುವೆ ಹೊರಟದ್ದಕ್ಕೆ ಅವ್ವ ಗೊಣಗಿದಳು. ಆದರೂ ಹೇಳುತ್ತೇನೆ, ಆ ಪ್ರವಾಸದಂಥ ಸಂತೋಷ ನನ್ನ ಆಯುಷ್ಯದಲ್ಲಿ ಮತ್ತೆ ಬರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಗೋರಖಪುರದವರೆಗೆ ಬಂತು. ಜೈನರ ಪದ್ಧತಿಯಂತೆ ನಾನು ಹೊತ್ತು ಮುಳುಗುವ ಮೊದಲೇ ಉಣ್ಣುವುದನ್ನು ನೋಡಿ ರಾಜಾರಾಮ, "ಸೂರ್ಯಾಗ ಸ್ವಲ್ಪ ನಿಲ್ಲಂತ ಹೇಳಲೇ, ಇನ್ನೊಂದು ರೊಟ್ಟಿ ಉಳದೈತಿ," ಎಂದು ರೈಲಿನ ಡಬ್ಬಿಯ ಜನರನ್ನೆಲ್ಲ ನಗಿಸಿದ. ಗಡಿಯಲ್ಲಿ ಅವನು ಒಂದು ಕಾಲು ಈಚೆ, ಒಂದು ಕಾಲು ಆಚೆ ಇಟ್ಟು ನಿಂತೇ ನಿಂತ. ಕ್ಯಾಮರಾ ಇರಲಿಲ್ಲ, ನಾನೇ ಕಣ್ತುಂಬ ನೋಡಿದೆ. ಬೆಟ್ಟದ ದಾರಿಯಲ್ಲಿ ಬಸ್ಸು ತಿರುವಿನಲ್ಲಿ ಹೊರಳಿದಾಗಲೆಲ್ಲ ಇಬ್ಬರೂ ಕಣ್ಣುಮುಚ್ಚಿ ಕೂಗುತ್ತಿದ್ದೆವು.

ಪಂದ್ಯದ ದಿನ ಗೇಟಿನ ನೂಕುನುಗ್ಗಲಿನಲ್ಲಿ ನಾವು ಬೇರೆಯಾದೆವು. ರಾಜಾರಾಮ ಮೈದಾನದ ಆಚೆ ತುದಿಗೆ ಹೋಗಿ ಬಿದ್ದ. ನಾನು ಈಚೆ ಕಲ್ಲಿನ ಮೆಟ್ಟಿಲುಗಳ ಮೇಲೆ ನೇಪಾಳದವರ ನಡುವೆ ಒಬ್ಬನೇ. ಪಕ್ಕದಲ್ಲಿ ಹೂವಿನ ಚಿತ್ತಾರದ ಟೋಪಿಯ ಮುದುಕನೊಬ್ಬ ಕುಳಿತಿದ್ದ. ಭಾಷೆ ಬರದಿದ್ದರೂ ನಮ್ಮಿಬ್ಬರ ಮಾತು ಚೆನ್ನಾಗಿಯೇ ನಡೆದಿತ್ತು. ಅವರ ಚೆಂಡು ಮುಂದೆ ಬಂದರೆ ಅವನು ನನ್ನ ತೊಡೆಗೆ ಹೊಡೆಯುವನು, ನಮ್ಮದು ಬಂದರೆ ನಾನು ಅವನ ತೊಡೆಗೆ.

ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ, ಕಳಚಿಟ್ಟಿದ್ದ ನನ್ನ ಎಡಗಾಲಿನ ಚಪ್ಪಲಿ ಯಾರದೋ ಕಾಲು ತಾಗಿ ಕೆಳಗಿನ ಮೆಟ್ಟಿಲಿಗೆ ಬಿತ್ತು. ಕೊಲ್ಲಾಪುರದ ಹೊಸ ಚಪ್ಪಲಿ. ಬಗ್ಗಿ ಜನರ ಕಾಲುಗಳ ನಡುವೆ ಕೈಹಾಕಿ ಹುಡುಕಿದೆ. ಸಿಕ್ಕಿತು. ಎದ್ದು ನಿಂತಾಗ ಸುತ್ತ ಎಲ್ಲರೂ ಸುಮ್ಮನಿದ್ದರು. ನಮ್ಮ ಕಡೆ ಗೋಲಾದರೆ ಕಿವಿ ಒಡೆಯುವಂತೆ ಗದ್ದಲವಾಗುತ್ತದೆ. ಪರರ ಊರಿನಲ್ಲಿ ನಮ್ಮ ಗೋಲು ಆಗುವುದು ಸದ್ದಿಲ್ಲದೆ ಎಂಬುದು ನನಗೆ ಹೊಳೆದಿರಲಿಲ್ಲ. ಮುದುಕ ನನ್ನ ಭುಜ ಹಿಡಿದು, ಒಂದು ಬೆರಳು ತೋರಿಸಿ, ಅಳುವವನಂತೆ ಮೋರೆ ಮಾಡಿದ. ಭಾರತ ಗೋಲು ಹೊಡೆದಿತ್ತು. ನಾನು ಚಪ್ಪಲಿಯನ್ನು ಎತ್ತಿಹಿಡಿದು ಕುಣಿದೆ. ಆ ಒಂದೇ ಗೋಲಿನಿಂದ ನಾವು ಗೆದ್ದೆವು. ಅಷ್ಟು ದೂರ ಹೋಗಿ ನಾನು ಅದನ್ನು ನೋಡಲಿಲ್ಲ.

ಇದನ್ನು ರಾಜಾರಾಮನಿಗೂ ಹೇಳಲಿಲ್ಲ. ಗೋಲು ಹೇಗಾಯಿತು ಎಂದು ಅವನ ಬಾಯಿಂದಲೇ ಕೇಳಿಕೊಂಡೆ. ಎಡಗಾಲಿನಿಂದ ಬಾರಿಸಿದ ಎಂದ. ಮರಳುವಾಗ ಅವನು ಮೀರಜದಿಂದ ನೇರವಾಗಿ ಮಂಗಸೂಳಿಗೆ ಹೋದ, ನಾನೊಬ್ಬನೇ ಮನೆಗೆ ಬಂದೆ.

ತ್ರಿಶಲಾ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಕಾಲು ಕೂಡ ತೊಳೆಯದೆ ಪಂದ್ಯದ ಕಥೆ ಶುರುಮಾಡಿದೆ. ಗೋಲಿನ ಮಾತು ಬಂದಾಗ ಎದ್ದು ನಿಂತು, ಚೆಂಡು ಬಂದದ್ದು ಹೀಗೆ, ಎಡಗಾಲಿನಿಂದ ಹೊಡೆದದ್ದು ಹೀಗೆ ಎಂದು ಕಾಲು ಬೀಸಿ ತೋರಿಸಿದೆ. ಅವಳು ಶೇಂಗಾ ಬಾಯಿಗೆ ಹಾಕಿಕೊಂಡು ನಕ್ಕಳು.

"ಎಡಗಾಲಿಲೇ ಅಲ್ಲಣ್ಣಾ, ತಲಿಲೇ ಹೊಡದ. ಮೂಲಿಯಿಂದ ಬಂದ ಚೆಂಡು. ನೀ ಎಲ್ಲಿ ನೋಡಿದಿ? ಚಪ್ಪಲಿ ಹುಡಕಾಕತ್ತಿದ್ದಿ."

ನಾನು ಬೀಸಿದ ಕಾಲನ್ನು ನೆಲಕ್ಕಿಡುವುದನ್ನೂ ಮರೆತೆ. "ಯಾರ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ಕಂಡಿತು. ಹೂವಿನ ಟೊಪಗಿ ಹಾಕ್ಕೊಂಡ ಮುದಕ ನಿನ್ನ ಭುಜಾ ಹಿಡದ. ನೀ ಚಪ್ಪಲಿ ಎತ್ತಿ ಕುಣದಿ. ಪಾಪ, ಆ ಮುದಕನ ಮಾರಿ ನೋಡಬೇಕಿತ್ತು."

ಒಳಗಿನಿಂದ ಅವ್ವ, "ಅಕಿ ಕತಿ ನನ್ನ ಕೇಳ," ಎಂದಳು. "ಕ್ಷಮಾವಾಣಿ ದಿನಾ ಸಂಜಿಮುಂದ ಎಮ್ಮಿ ಹಿಂಡಾಕತ್ತಿದ್ನಿ. ಇಲ್ಲೇ ಸುಮ್ಮನ ಕುಂತಾಕಿ 'ಗೋಲ್' ಅಂತ ಒದರಿದ್ಲು ನೋಡು! ಎಮ್ಮಿ ಹೆದರಿ ಹಾಲಿನ ಚರಿಗಿ ಒದ್ದು ಹೋತು. ಎಲ್ಲಾರೂ ಕೈಮುಗದು ಕ್ಷಮಾ ಕೇಳೂ ದಿನಾ ನನ್ನ ಬಾಯಾಗ ಬೈಗಳಾ ಬಂದುವು."

ಪಂದ್ಯ ನಡೆದದ್ದು ಅದೇ ದಿನ, ಅದೇ ಹೊತ್ತಿಗೆ. ವರ್ಷದ ತಪ್ಪುಗಳಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಆ ದಿನ ಊರಿನಲ್ಲಿ ಇರಬೇಕಾಗಲಿಲ್ಲ ಎಂದು ನಾನು ಒಳಗೊಳಗೇ ಹಗುರಾಗಿದ್ದವನು.

ನನಗೆ ತಿಳಿದ ಎಲ್ಲ ಕಾರಣಗಳನ್ನೂ ಹುಡುಕಿದೆ. ರೇಡಿಯೋದಲ್ಲಿ ಕಾಮೆಂಟರಿ ಇರಲಿಲ್ಲ. ಇದ್ದರೂ ನನ್ನ ಚಪ್ಪಲಿಯ ಸುದ್ದಿ ಯಾರು ಹೇಳುತ್ತಾರೆ? ರಾಜಾರಾಮ ನಮ್ಮ ಊರಿಗೆ ಬಂದಿರಲಿಲ್ಲ, ಬಂದಿದ್ದರೂ ಆ ಮುದುಕನನ್ನು ಅವನು ನೋಡಿರಲಿಲ್ಲ. ಹತ್ತು ದಿನದ ಮೇಲೆ ಮಾವ ಮರಾಠಿ ಪತ್ರಿಕೆಯ ತುಂಡೊಂದನ್ನು ಕಳಿಸಿದ. ಮೂಲೆಯಿಂದ ಬಂದ ಚೆಂಡು, ತಲೆಯಿಂದ ಗೋಲು ಎಂದು ಅದರಲ್ಲಿತ್ತು. ರಾಜಾರಾಮನಿಗೆ ತೋರಿಸಿದಾಗ, "ಆ ತುದಿಯಿಂದ ನನಗ ಬರೇ ಬಲೆ ಅಲಗ್ಯಾಡಿದ್ದು ಕಂಡಿತ್ತು. ಉಳದದ್ದು ನಾನ ಸೇರಿಸಿದ್ನಿ," ಎಂದು ತಲೆ ಕೆರೆದುಕೊಂಡ.

ದೀಪಾವಳಿ ಮುಗಿದು ನೇಮ ತೀರಿತು. ಮೊದಲ ಕೆಲಸವಾಗಿ ಅವಳನ್ನು ಕೊಲ್ಲಾಪುರಕ್ಕೆ ಕರೆದುಕೊಂಡು ಹೊರಟೆ. ಗಾಡಿ ಕುಡಚಿಯ ಸೇತುವೆಯ ಮೇಲೆ ಬಂದಾಗ ತಡೆಯಲಾಗಲಿಲ್ಲ. ಆ ನೇಮ ಕೊಡಿಸಿದವನು ನಾನೇ ಎಂದು ಹೇಳಿಬಿಟ್ಟೆ. ಸೇತುವೆಯ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ.

"ಕೇಳಸೈತಿ," ಎಂದಳು. ಹೊಳೆ ದಾಟುವವರೆಗೂ ಕಿಟಕಿಯಿಂದ ನೀರು ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ. ಆಮೇಲೆ ಹೇಳಿದಳು: "ಅವ್ವಗ ಅಷ್ಟ ಶಾಣ್ಯಾತನ ಎಲ್ಲಿಂದ ಬಂತಂತ ಅವತ್ತ ನನಗ ಸಂಶೆ ಬಂದಿತ್ತು. ಆಗಲಿ. ಮುಂದಿನ ಸಲ ನೀ ಮನ್ಯಾಗ ಕೂಡು, ನಾ ಹೋಗ್ತೀನಿ."

ತೊಂಬತ್ತರ ದಶಕದಲ್ಲಿ ಹಾಗೆಯೇ ಆಯಿತು. ನಿಪ್ಪಾಣಿಯ ಮಾಸ್ತರನೊಬ್ಬನಿಗೆ ಅವಳನ್ನು ಕೊಟ್ಟಿದ್ದೆವು. ಒಳ್ಳೆಯ ಮನುಷ್ಯ, ಫುಟ್‌ಬಾಲಿನ ಗಂಧವಿಲ್ಲದವನು. ಭಾರತ ಕೊಲಂಬೋದಲ್ಲಿ ಆಡುತ್ತದೆ ಎಂದು ತಿಳಿದದ್ದೇ ಅವನಿಗೂ ಪಾಸ್‌ಪೋರ್ಟ್ ಮಾಡಿಸಿ ಹೊರಡಿಸಿದಳು. ವಿಚಾರಣೆಗೆ ಬಂದ ಪೊಲೀಸನು, "ಶ್ರೀಲಂಕಾದಾಗ ಏನ ಕೆಲಸರಿ?" ಎಂದು ಕೇಳಿದ್ದಕ್ಕೆ, "ನನಗ ಮ್ಯಾಚ್ ನೋಡೂದೈತ್ರಿ, ಇವರಿಗೆ ನನ್ನ ಚೀಲಾ ಹೊರೂದೈತ್ರಿ," ಎಂದಳಂತೆ.

ನಾನು ಮಾತಿನಂತೆ ಮನೆಯಲ್ಲೇ ಉಳಿದೆ. ಪಂದ್ಯದ ಹೊತ್ತಿಗೆ ಹೊಲದ ಬದುವಿನ ಮೇಲೆ ಒಬ್ಬನೇ ಕಣ್ಣು ಮುಚ್ಚಿ ಕುಳಿತೆ. ನಗಬೇಡಿ, ಹೊತ್ತು ಮುಳುಗುವವರೆಗೆ ಕುಳಿತಿದ್ದೆ. ಕಬ್ಬಿನ ಗರಿಗಳ ಸದ್ದು ಕೇಳಿಸಿತು, ಬೇರೇನೂ ಇಲ್ಲ. ಅವಳಿಗೆ ಅವತ್ತು ಹೇಗೆ ಕಂಡಿತೋ, ಅವಳಿಗೂ ಗೊತ್ತಿಲ್ಲ. ಅದಕ್ಕೆ ಮೊದಲೂ ಅನಂತರವೂ ಹಾಗೆ ಕಂಡಿಲ್ಲವಂತೆ. ತಿಳಿದವರು ಯಾರಾದರೂ ಕಾರಣ ಹೇಳಿದರೆ ಕೇಳಿಕೊಳ್ಳುತ್ತೇನೆ. ನನ್ನಿಂದ ಆಗಲಿಲ್ಲ.

ಕೊಲಂಬೋದಿಂದ ಬಂದವಳು ಗಂಡನನ್ನೂ ಚೀಲಗಳನ್ನೂ ನಿಪ್ಪಾಣಿಯಲ್ಲಿ ಇಳಿಸಿ ನೇರವಾಗಿ ಅಲಖನೂರಿಗೆ ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು.

"ಏನರ ಕಂಡಿತೇನಣ್ಣಾ?" ಎಂದು ಪಿಸುಗುಟ್ಟಿದಳು.

"ಇಲ್ಲವ್ವಾ. ಏನೂ ಕಾಣಲಿಲ್ಲ."

"ಹಂಗಾರ ಸರಕೊಂಡು ಕೂಡು," ಎಂದು ಪಕ್ಕದಲ್ಲಿ ಕುಳಿತು, ಆ ಬಿದ್ದ ಗಂಟಲಿನಲ್ಲೇ, ತಂಡದವರು ಮೈದಾನಕ್ಕೆ ಇಳಿದಲ್ಲಿಂದ ಹೇಳಲು ಶುರುಮಾಡಿದಳು.