ಜೋಡಿ ಎಂಜಿನ್ನಿನ ಹಟ

ವಿಮಾನ ಹಾರಿಸುವ ಲೈಸೆನ್ಸ್ ವಿಜಯಶ್ರೀಯ ಕೈಯಲ್ಲಿತ್ತು. ಈಗ ಬೇರೆಯವರಿಗೆ ಹಾರಿಸಲು ಕಲಿಸುವ ಶಿಕ್ಷಕಿಯಾಗಲು ತರಬೇತಿಗೆ ಸೇರಬೇಕು. ಒಂದೇ ಎಂಜಿನ್ನಿನ ವಿಮಾನದಲ್ಲೋ, ಎರಡಿರುವುದರಲ್ಲೋ ಎಂದು ಇವತ್ತು ತಿಳಿಸಬೇಕಿತ್ತು. ಅಪ್ಪ ಕಲ್ಲಿನಾಥ ಅವಳನ್ನು ಕೇಳದೆಯೇ ವಿಮಾನ ಶಾಲೆಗೆ ಫೋನ್ ಮಾಡಿ ‘ಡಬಲ್’ ಎಂದುಬಿಟ್ಟಿದ್ದ. ಮಗಳು ಸಿಂಗಲ್ ಆಗಿ ಉಳಿದದ್ದೇ ಅವನಿಗೆ ಸಾಕಾಗಿತ್ತು. ವಿಮಾನವೂ ಸಿಂಗಲ್ ಆಗುವುದು ಬೇಡವಾಗಿತ್ತು.

ಕಲ್ಲಿನಾಥನದು ಜೇವರ್ಗಿಯಲ್ಲಿ ಡ್ರೈವಿಂಗ್ ಸ್ಕೂಲು. ಹೆವಿ ಲೈಸೆನ್ಸ್ ಇದ್ದವನಿಗೆ ಲೈಟ್ ಗಾಡಿ ತಾನಾಗಿಯೇ ಬರುತ್ತದೆ ಎಂಬುದು ಅವನ ಸಿದ್ಧಾಂತ. ಆಕಾಶಕ್ಕೂ ಅದೇ ಆರ್‌ಟಿಒ ಆಫೀಸು ಎಂದುಕೊಂಡಿದ್ದ.

ಯಡ್ರಾಮಿಯ ಸೋದರತ್ತೆಯ ಮನೆಗೆಂದು ವಿಜಯಶ್ರೀ ಸ್ಕೂಲಿನ ಕಲಿಕೆಯ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ಅವನು ಫೋನ್ ಮಾಡಿದ್ದನ್ನು ಹೇಳಿದ. ಸ್ಟೀರಿಂಗ್ ಹಿಡಿದು ಕಲಿಯುತ್ತಿದ್ದವಳು ಟೇಲರ್ ಸುಲ್ತಾನಬಿ; ಪಕ್ಕದಲ್ಲಿ ಕಲಿಸಲು ಕೂತವನು ಕಲ್ಲಿನಾಥ.

“ನನ್ನ ಕೇಳ್ಲಾರದ ಯಾಕ ಹೇಳ್ದಿ ಅಪ್ಪಾ?”

“ಒಂದು ಬಂದ್ ಬಿದ್ರ ಇನ್ನೊಂದು ಇರ್ತದ. ಕೇಳೋದೇನದ ಅದ್ರಾಗ?”

“ಒಂದು ಬಂದ್ ಬಿದ್ರ ಉಳಿದದ್ದು ವಿಮಾನಾನ ಒಂದ ಕಡಿ ಎಳೀತದ. ಅದನ್ನ ಸಂಭಾಳಸೋದ ಬ್ಯಾರೆ ವಿದ್ಯಾ. ಹೊಸದಾಗಿ ಕಲಿಯೋರು ಕೂಡೋದು ಸಿಂಗಲ್‌ನಾಗ. ನಾ ಕಲಸ್ಬೇಕಾಗಿದ್ದು ಅವರಿಗೆ.”

“ದೊಡ್ಡದು ಬಂದ್ರ ಸಣ್ಣದು ಬಂದಂಗ.”

“ಹಂಗಾರ ಇವರಿಗ್ಯಾಕ ಈ ಡಬ್ಬಿ ಕೊಟ್ಟಿ? ಲಾರಿ ಕೊಡ್ಬೇಕಿತ್ತು.”

“ನನ್ನ ನಡಬರಕ ತರಬ್ಯಾಡವ್ವ” ಎಂದು ಸುಲ್ತಾನಬಿ ಹಿಂದಕ್ಕೆ ತಿರುಗಿದಳು. ಕಾರೂ ತಿರುಗಿತು, ಎದುರಿನಿಂದ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನತ್ತ. ಕಲ್ಲಿನಾಥ ಸ್ಟೀರಿಂಗ್ ಎಳೆದು, ಕಲಿಸುವವರಿಗೆಂದೇ ತನ್ನ ಕಾಲಡಿಯಲ್ಲಿದ್ದ ಎರಡನೇ ಬ್ರೇಕನ್ನು ಒತ್ತಿದ. ಕಾರು ರಸ್ತೆ ಬದಿಗೆ ನಿಂತು ಬಂದ್ ಬಿತ್ತು.

“ಕಣ್ಣ ಎಲ್ಲದಾವ್ರಿ ನಿಮ್ಮುವು?”

“ನಿಮ್ಮುವು ಎಲ್ಲಿದ್ವು ಮಾಸ್ತರ? ಮಗಳ ಮ್ಯಾಲ ಒದರಾಕತ್ತಿದ್ರಿ. ನಾ ಯಾರ ಭರೋಸದ ಮ್ಯಾಲ ಹೊಡೀಲಿ?”

ವಿಜಯಶ್ರೀ ಸಿಟ್ಟಿನಿಂದ ಫೋನು ಕೈಗೆ ತೆಗೆದುಕೊಂಡಳು. “ನಾ ಕಲೀಬೇಕಾಗಿದ್ದು ಇದ ಅಪ್ಪಾ. ಬಾಜೂಕ ಕುಂತವರ ತಪ್ಪು ಹಿಡಿಯೋದು. ಎಂಜಿನ್ ಎಣಸೋದಲ್ಲ.”

“ಫೋನ್ ಹಚ್ಚಿ ಬದಲಿ ಮಾಡಿದೆಂದ್ರ ನನ್ನ ಜೋಡಿ ಮಾತಾಡಬ್ಯಾಡ.”

ಅವಳು ಆಗಲೇ ವಿಮಾನ ಶಾಲೆಗೆ ಫೋನು ಹಚ್ಚಿದ್ದಳು. “ಸಿಂಗಲ್ ಬರಕೋರಿ. ಅಪ್ಪ ಹೇಳಿದ್ದು ರದ್ದು. ಇನ್ನ ಮ್ಯಾಲ ಏನಿದ್ರೂ ನನಗ ಕೇಳ್ರಿ.”

ಇಳಿದು ಬಾಗಿಲನ್ನು ದಢಾರನೆ ಹಾಕಿದಳು. ಹಿಂದಿನಿಂದ ಬರುತ್ತಿದ್ದ ಯಡ್ರಾಮಿ ಬಸ್ಸಿಗೆ ಕೈ ಮಾಡಿ ಹತ್ತಿದಳು. ಮಾತಾಡಬೇಡ ಎಂದವನೇ ಕಿಟಕಿಯಿಂದ ತಲೆ ಹಾಕಿ ಬಸ್ಸಿನ ಡ್ರೈವರಿಗೆ ಕೂಗಿದ: “ಲೇ ಜಗದೇವ, ನಿಧಾನ ಹೊಡಿ. ಮಗಳು ಹತ್ಯಾಳ.”

“ಅವರ ಮಾತ ಕೇಳಬ್ಯಾಡ್ರಿ” ಎಂದಳು ವಿಜಯಶ್ರೀ. “ನಿಮ್ಮ ಗಾಡಿ, ನೀವ ಹೊಡೀರಿ.”