ಎಡಗಡೆ ಚಕ್ರದ ಕಟಕಟ

ನಮ್ಮ ಪಿಕಪ್ ಗಾಡಿಯಲ್ಲಿ ಮೊದಲು ಎರಡು ಸದ್ದುಗಳಿದ್ದವು. ನಿಂತ ಗಾಡಿ ಹೊರಡುವಾಗ, ಕ್ಲಚ್ ಬಿಟ್ಟ ತಕ್ಷಣ, ಅದರ ಹೊಟ್ಟೆಯ ಕೆಳಗೆಲ್ಲೋ ‘ಟಣ್’ ಎಂದು ಒಂದೇ ಏಟು. ಇನ್ನೊಂದು, ಹಂಪ್ ಇಳಿಯುವಾಗ ನನ್ನ ಕಾಲಿನ ಬಳಿಯೇ ‘ಕಟಕಟ’.

ನಾನೂ ನನ್ನ ಯಜಮಾನರೂ ತ್ಯಾಗರಾಜನಗರದ ಮನೆಯ ಹಿಂದೆ ಅಡುಗೆ ಮಾಡಿಸಿ, ನಾಮಕರಣ, ಗೃಹಪ್ರವೇಶಗಳಿಗೆ ಊಟ ಒದಗಿಸುತ್ತೇವೆ. ಗಾಡಿ ಓಡಿಸುವವರು ಅವರು, ಎಡಪಕ್ಕದ ಸೀಟಿನಲ್ಲಿ ನಾನು. ಬಡಿಸಲು ಬರುವ ಹೆಂಗಸು ಹಿಂದೆ, ಬಿಸಿ ಡಬರಿಗಳು ಅಲುಗದಂತೆ ಹಿಡಿದುಕೊಂಡು ಕೂರುತ್ತಾಳೆ.

ಸುಬ್ರಹ್ಮಣ್ಯಪುರದಲ್ಲಿ ನಮಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಅವರು ಗಾಡಿಯ ಕೆಳಗೆ ನುಗ್ಗಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟನ್ನು ಅಲ್ಲಾಡಿಸಿ ನೋಡಿ, ಅದರ ಜೋಡಣೆಯಲ್ಲಿರುವ ‘ಕ್ರಾಸ್’ ಸವೆದಿದೆ ಎಂದು ಬದಲಾಯಿಸಿಕೊಟ್ಟರು. ‘ಟಣ್’ ನಿಂತಿತು. ಆದರೆ ಅದು ನಿಂತ ಮೇಲೆ ಕಟಕಟ ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು.

“ಪಾತ್ರೆ ಸದ್ದು ಕಣೇ ಅದು,” ಎಂದರು ಯಜಮಾನರು.

ಪಾತ್ರೆಗಳನ್ನೆಲ್ಲ ಇಳಿಸಿ ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೋಗೋಣ ಎಂದು ಹಟ ಹಿಡಿದೆ. ಹೋದೆವು. ಸದ್ದು ಹಾಗೆಯೇ ಇತ್ತು. ಅವರು ರೇಡಿಯೋ ಜೋರು ಮಾಡಿದರು.

ಗೊಟ್ಟಿಗೆರೆಯಲ್ಲಿ ಒಂದು ನಾಮಕರಣವಿತ್ತು. ಬನ್ನೇರುಘಟ್ಟ ರಸ್ತೆಯಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಗಾಡಿ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಯಜಮಾನರು ಸ್ಟೀರಿಂಗನ್ನು ಹಗ್ಗ ಹಿಡಿದ ಹಾಗೆ ಹಿಡಿದಿದ್ದರು. ಹಿಂದಿನ ಕಿಟಕಿಯಲ್ಲಿ ನೋಡಿದರೆ, ಬಡಿಸುವ ಹೆಂಗಸು ಸಾಂಬಾರಿನ ಡಬರಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಕುಳಿತಿದ್ದಳು. ಈ ಚಕ್ರ ಕೈಕೊಟ್ಟರೆ ಕುದಿಯುವ ಸಾಂಬಾರು ಎಲ್ಲಿಗೆ ಬೀಳುತ್ತದೆ ಎಂದು ಆಗ ಹೊಳೆಯಿತು.

“ರೀ, ನಿಲ್ಸಿ. ಅವಳನ್ನ ಮುಂದೆ ಕೂರಿಸ್ಕೊಳ್ಳೋಣ.”

“ಡಬರಿ ಯಾರು ಹಿಡ್ಕೋತಾರೆ?”

“ಚೆಲ್ಲಿದ್ರೆ ಚೆಲ್ಲಲಿ. ನಿಲ್ಸಿ ಅಂದೆ.”

ನಿಲ್ಲಿಸಿದರು. ಆಕೆ ನಮ್ಮಿಬ್ಬರ ನಡುವೆ ಬಂದು ಕುಳಿತಳು. “ಏನಾಯ್ತಕ್ಕ?” ಎಂದಳು. “ಇಲ್ಲೇ ಕೂತಿರು,” ಎಂದೆ. ಗೊಟ್ಟಿಗೆರೆ ತಲುಪುವಷ್ಟರಲ್ಲಿ ಸಾಂಬಾರು ಒಂದಿಷ್ಟು ಚೆಲ್ಲಿತ್ತು, ಅಷ್ಟೆ.

ಊಟ ಮುಗಿಸಿ, ಆಕೆಯನ್ನು ಬಸ್ಸು ಹತ್ತಿಸಿ, ನಾವು ಮೆಲ್ಲಗೆ ಸುಬ್ರಹ್ಮಣ್ಯಪುರಕ್ಕೆ ಬಂದೆವು. ಮೆಕ್ಯಾನಿಕ್ ಚಕ್ರಗಳಿಗೆ ಕಲ್ಲು ಕೊಟ್ಟು, “ಅಣ್ಣ, ನೀವು ಕೂತು ಸ್ಟೀರಿಂಗ್ ತಿರುಗಿಸ್ತಾ ಇರಿ, ನಾನು ಕೆಳಗೆ ಕೈಯಿಟ್ಟು ನೋಡ್ತೀನಿ,” ಎಂದರು. ಯಜಮಾನರು ಹಿಂದೆ ಸರಿದು, “ನೀನು ಕೂತ್ಕೊ,” ಎಂದು ನನಗೆ ಹೇಳಿದರು. ನನಗೆ ಸ್ಕೂಟರ್ ಬಿಟ್ಟು ಬೇರೆ ಗಾಡಿ ಬಾರದು.

“ಗೇರ್ ಮುಟ್ಬೇಡಿ ಮೇಡಂ. ಎಡಕ್ಕೆ, ಬಲಕ್ಕೆ, ನಿಧಾನ,” ಎಂಬ ದನಿ ಕೆಳಗಿನಿಂದ ಬಂತು.

ಎಂಜಿನ್ ಚಾಲೂ ಇತ್ತು. ಒಬ್ಬ ಮನುಷ್ಯನ ಕೈ ಚಕ್ರದ ಸಂದಿನಲ್ಲಿದೆ, ಚಕ್ರವನ್ನು ತಿರುಗಿಸುತ್ತಿರುವವಳು ನಾನು. ಕಾಲುಗಳನ್ನು ಪೆಡಲಿನಿಂದ ದೂರ ಮಡಚಿಟ್ಟುಕೊಂಡು ತಿರುಗಿಸಿದೆ. ಕಟಕ್ ಎಂದಿತು. ಮತ್ತೆ ತಿರುಗಿಸಿದೆ. ಕಟಕ್.

“ಆಫ್ ಮಾಡಿ, ಆಫ್ ಮಾಡಿ!”

ಆ ಕೂಗಿಗೆ ಅವರ ಬೆರಳೇ ಹೋಯಿತೆಂದುಕೊಂಡೆ. ಅವರು ಹೊರಗೆ ಬಂದು ಜ್ಯಾಕ್ ಏರಿಸಿ, ಚಕ್ರದ ಅಡಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರು. ಇಡೀ ಚಕ್ರ ಸಡಿಲ ಹಲ್ಲಿನ ಹಾಗೆ ಅಲುಗಿತು.

“ಕೆಳಗಿನ ಬಾಲ್ ಜಾಯಿಂಟ್ ಮೇಡಂ. ಚಕ್ರ ಹಿಡಿದಿಡೋ ಗುಂಡು ಇದು. ಕಳಚಿದ್ರೆ ಚಕ್ರ ಹೊರಕ್ಕೆ ಮಡಚ್ಕೊಂಡು ಬಿಡುತ್ತೆ. ಆವತ್ತು ಕ್ರಾಸ್ ಹಾಕ್ದಾಗ ಮುಂದ್ಗಡೆನೂ ನೋಡ್ಬೇಕಿತ್ತು ನಾನು.” ಅವರು ಸಲಾಕೆಯನ್ನು ಕೆಳಗಿಟ್ಟರು. “ಇದರಲ್ಲಿ ಗೊಟ್ಟಿಗೆರೆಗೆ ಹೋಗ್ಬಂದ್ರಾ?”

ಯಜಮಾನರು ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕುಳಿತರು. ನೀರು ಕೊಟ್ಟೆ, ಕುಡಿಯಲಿಲ್ಲ.

“ನಿಂಗಿಂತ ಮೊದಲೇ ನಂಗೆ ಕೇಳಿಸಿತ್ತು,” ಎಂದರು. “ಮದುವೆಗೆ ಮುಂಚೆ ಲಾರಿ ಕ್ಲೀನರ್ ಆಗಿದ್ನಲ್ಲ, ಆವಾಗಲೂ ಮುಂದಿನ ಚಕ್ರದಲ್ಲಿ ಹಿಂಗೇ ಸದ್ದು ಬರ್ತಿತ್ತು. ಇಳಿಜಾರಲ್ಲಿ ಚಕ್ರ ಹೋಯ್ತು. ನಾನು ಹೊರಗೆ ಬಿದ್ದೆ. ಡ್ರೈವರ್ ಹೊರಗೆ ಬರ್ಲಿಲ್ಲ.”

ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿದ್ದೆ.

“ಮತ್ತೆ ಯಾಕ್ರೀ ಪಾತ್ರೆ ಸದ್ದು ಅಂದ್ರಿ?”

“ಕೇಳಿಸ್ತಿದೆ ಅಂದ್ರೆ ನಿಜ ಆಗೋಗುತ್ತೆ ಅನ್ನಿಸ್ತಿತ್ತು.”

ಕೋಪ ಬಂತು. ಆದರೆ ಬಯ್ಯುವ ಬದಲು ನಾನೂ ಆ ಟೈರಿನ ಮೇಲೆ ಅವರ ಪಕ್ಕ ಕುಳಿತೆ.

ಮೆಕ್ಯಾನಿಕ್ ಎರಡೂ ಕಡೆಯ ಜಾಯಿಂಟ್ ಹೊಸದು ಹಾಕಿ, ತಾವೇ ಓಡಿಸಿ ನೋಡಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ ಮರುದಿನ ಗಾಡಿ ಕೊಟ್ಟರು. ಹಂಪುಗಳ ಮೇಲೆ ಗಾಡಿ ಮೆತ್ತಗೆ ಇಳಿಯಿತು. ಬನಶಂಕರಿ ದಾಟುವವರೆಗೂ ನಾನು ಅಂಗಾಲನ್ನು ನೆಲಕ್ಕೆ ಒತ್ತಿಕೊಂಡು ಕುಳಿತಿದ್ದೆ. ಏನೂ ಇಲ್ಲ.

ಯಜಮಾನರು ವೇಗ ತಗ್ಗಿಸಿದರು.

“ನಿಂಗೇನಾದ್ರೂ ಕೇಳಿಸ್ತಾ?”

“ಇಲ್ವಲ್ಲ.”

“ನಂಗೆ ಕೇಳಿಸ್ತಿದೆ ಕಣೇ,” ಎಂದರು, ಮೆಲ್ಲಗೆ.

“ನಿಲ್ಸಿ,” ಎಂದೆ. ಗಾಡಿಯನ್ನು ರಸ್ತೆಯ ಅಂಚಿಗೆ ತಂದರು. ಇಬ್ಬರೂ ಇಳಿದು ಎಡಗಡೆ ಚಕ್ರದ ಎದುರು ಕುಕ್ಕರುಗಾಲಲ್ಲಿ ಕುಳಿತೆವು. ಅವರು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ನಾನೇ ಟೈರನ್ನು ಹಿಡಿದು ಜಗ್ಗಿದೆ. ಅದು ಅಲುಗಲಿಲ್ಲ.